2013ರ ಬಾಕ್ಸ್‌ಸ್ಟರ್ ನೋಡಿದ್ದೇನೆ, ಟೋಕನ್ ಕೊಡುವ ಮುಂಚೆ ಏನೇನು ಚೆಕ್ ಮಾಡಬೇಕು?

ಚಾಮುಂಡಿಬೆಟ್ಟ09

ಎಲ್ಲರಿಗೂ ನಮಸ್ಕಾರ. ಊರು ಮೈಸೂರು, ಕೆಲಸ ಬೆಂಗಳೂರಿನಲ್ಲಿ. ಕಾಲೇಜಿನಲ್ಲಿದ್ದಾಗಿನಿಂದ ಪೋರ್ಷೆ ಬಾಕ್ಸ್‌ಸ್ಟರ್ ಮೇಲೆ ಕಣ್ಣು, ಅದೇ ಬಟ್ಟೆಯ ಟಾಪ್ ತೆಗೆದು ಓಡಿಸುವ ಎರಡು ಸೀಟಿನ ಸ್ಪೋರ್ಟ್ಸ್ ಕಾರು. ಹೊಸದನ್ನು ಕೊಳ್ಳುವಷ್ಟು ದುಡ್ಡಿಲ್ಲ, ಹಳೆಯದಕ್ಕೆ ಅಂತ ವರ್ಷಗಳಿಂದ ಕೂಡಿಡುತ್ತಿದ್ದೇನೆ. ಈಗ 981 ಮಾಡೆಲ್‌ನ ಒಂದು ಕಾರು ಸಿಕ್ಕಿದೆ. 2013ರದ್ದು, 2.7 ಲೀಟರ್ ಎಂಜಿನ್, ಪಿಡಿಕೆ (ಎರಡು ಕ್ಲಚ್‌ನ ಆಟೊಮ್ಯಾಟಿಕ್) ಗೇರ್‌ಬಾಕ್ಸ್, ಬಿಳಿ ಬಣ್ಣ. ಮೀಟರ್‌ನಲ್ಲಿ 21,800 ಕಿ.ಮೀ. ಇದೆ. ಇಬ್ಬರು ಓನರ್ ಆಗಿದ್ದಾರೆ, ನಾನು ತೆಗೆದುಕೊಂಡರೆ ಮೂರನೆಯವನು. ಡೀಲರ್ ಹೇಳುವ ಪ್ರಕಾರ ಭಾನುವಾರ ಬೆಳಗ್ಗೆ ನಂದಿ ಬೆಟ್ಟಕ್ಕೆ ಹೋಗಿ ಬಂದರೆ ಮುಗೀತು, ವಾರವೆಲ್ಲ ಕವರ್ ಹಾಕಿ ನಿಲ್ಲಿಸಿದ್ದ ಗಾಡಿ.

ನೋಡಲು ತುಂಬಾ ಚೆನ್ನಾಗಿದೆ. ಒಂದು ರೌಂಡ್ ಹೊಡೆದೆ, ಆ ಸೌಂಡ್ ಇನ್ನೂ ಕಿವಿಯಲ್ಲಿದೆ. ಇನ್ನೂ ಇಬ್ಬರು ಕೇಳುತ್ತಿದ್ದಾರೆ, ಇವತ್ತೇ ಟೋಕನ್ ಅಡ್ವಾನ್ಸ್ ಹಾಕಿ ಎಂದು ಡೀಲರ್ ಫೋನ್ ಮೇಲೆ ಫೋನ್ ಮಾಡುತ್ತಿದ್ದಾರೆ. ನಾನು ಇದುವರೆಗೆ ಓಡಿಸಿದ್ದೆಲ್ಲ ಮಾಮೂಲಿ ಹ್ಯಾಚ್‌ಬ್ಯಾಕ್. ಇಂಥ ಕಾರಿನಲ್ಲಿ ಏನು ನೋಡಬೇಕು ಅಂತಾನೇ ಗೊತ್ತಿಲ್ಲ. ಗೊತ್ತಿರುವವರು ದಯವಿಟ್ಟು ಹೇಳಿ.

ಗ್ಯಾರೇಜ್ ಅಣ್ಣ

ಗುರುವೇ, ಮೊದಲು ಆ ಫೋನ್ ಸೈಲೆಂಟ್‌ಗೆ ಹಾಕಿ. ಇನ್ನಿಬ್ಬರು ಕೇಳುತ್ತಿದ್ದರೆ ಕೇಳಲಿ. ಇಪ್ಪತ್ತು ವರ್ಷದಿಂದ ಜರ್ಮನ್ ಗಾಡಿಗಳ ಕೆಲಸ ಮಾಡುತ್ತಿದ್ದೇನೆ, ಅವಸರದಲ್ಲಿ ಕೊಂಡವರೇ ಜಾಸ್ತಿ ನನ್ನ ಬಳಿ ಬರುವುದು.

981 ಒಳ್ಳೆಯ ಆಯ್ಕೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. 2012ರಿಂದ 2016ರವರೆಗೆ ಬಂದ ಗಾಡಿ. ಟರ್ಬೊ ಇಲ್ಲದ ಆರು ಸಿಲಿಂಡರ್ ಫ್ಲಾಟ್ ಎಂಜಿನ್, 265 ಎಚ್‌ಪಿ. ಆಮೇಲೆ ಬಂದ 718ರಲ್ಲಿ ನಾಲ್ಕು ಸಿಲಿಂಡರ್ ಟರ್ಬೊ ಹಾಕಿದರು, ಅದಕ್ಕೇ ನಿಮ್ಮ ಕಿವಿಯಲ್ಲಿರುವ ಆ ಸೌಂಡ್‌ಗೋಸ್ಕರ ಜನ ಇವತ್ತಿಗೂ 981 ಹುಡುಕುತ್ತಾರೆ.

ಎಂಜಿನ್ ಇರುವುದು ಸೀಟಿನ ಹಿಂದೆ, ನಡುವೆ. ಬಾನೆಟ್ ಎತ್ತಿದರೆ ಬರೀ ಡಿಕ್ಕಿ, ಹಿಂದೆ ಎತ್ತಿದರೆ ಇನ್ನೊಂದು ಡಿಕ್ಕಿ, ಜೊತೆಗೆ ಆಯಿಲ್ ಮತ್ತು ಕೂಲಂಟ್ ಹಾಕುವ ಮುಚ್ಚಳ. ಆಯಿಲ್ ನೋಡುವ ಕಡ್ಡಿ ಕೂಡ ಇಲ್ಲ, ಲೆವೆಲ್ ಡ್ಯಾಶ್‌ಬೋರ್ಡ್ ಪರದೆಯಲ್ಲೇ ನೋಡಬೇಕು. ಹಾಗಾಗಿ ಲಿಫ್ಟ್ ಮೇಲೆ ಏರಿಸದೆ ಈ ಕಾರು ನೋಡಿದ್ದೇನೆ ಎಂದು ಹೇಳುವ ಹಾಗೇ ಇಲ್ಲ. ಏರಿಸಲು ಡೀಲರ್ ಒಪ್ಪದಿದ್ದರೆ ಅಲ್ಲಿಗೆ ಮಾತು ಮುಗಿಯಿತು.

ಬೆಳಗ್ಗೆ ಹೋಗಿ. ಎಂಜಿನ್ ತಣ್ಣಗಿರಬೇಕು. ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ವಾಪಸ್ ಬಂದು ಇನ್ನೊಂದು ದಿನ ಹೋಗಿ, ಯಾಕೆಂದರೆ ಶಬ್ದಗಳೆಲ್ಲ ತಣ್ಣಗಿರುವಾಗಲೇ ಕೇಳಿಸುವುದು. ಕೆಲವು ದಿನ ನಿಂತ ಗಾಡಿ ಸ್ಟಾರ್ಟ್ ಮಾಡಿದಾಗ ಒಂದು ಬುಗ್ಗೆ ನೀಲಿ ಹೊಗೆ ಬಂದರೆ ಗಾಬರಿ ಬೇಡ, ಎಂಜಿನ್ ಮಲಗಿಸಿದ ಹಾಗಿರುವುದರಿಂದ ಹಾಗಾಗುತ್ತದೆ. ನಿಲ್ಲದೆ ಬರುತ್ತಿದ್ದರೆ ಮಾತ್ರ ಬೇರೆ ವಿಷಯ.

ಮುಂದಿನ ಬಂಪರ್‌ನ ಎರಡೂ ಬದಿಯ ತೂತಿನೊಳಗೆ ಟಾರ್ಚ್ ಹಾಕಿ ನೋಡಿ. ರೇಡಿಯೇಟರ್ ಮತ್ತು ಎಸಿ ಕಂಡೆನ್ಸರ್ ಅಲ್ಲೇ ಇರುವುದು. ಒಣ ಎಲೆ, ಗುಟ್ಕಾ ಪ್ಯಾಕೆಟ್, ಪ್ಲಾಸ್ಟಿಕ್ ಎಲ್ಲ ಅಲ್ಲಿ ಸೇರಿ ತೇವ ಹಿಡಿದು ಕೊಳೆಯುತ್ತದೆ, ಅದರ ಹಿಂದೆ ಅಲ್ಯೂಮಿನಿಯಂ ಸವೆದು ಲೀಕ್ ಶುರು. ಹೊರಗಿನಿಂದ ತಳತಳ ಹೊಳೆಯುವ ಗಾಡಿಯಲ್ಲೂ ಇದನ್ನು ಯಾರೂ ಕ್ಲೀನ್ ಮಾಡಿಸಿರುವುದಿಲ್ಲ.

ಲಿಫ್ಟ್ ಮೇಲೆ ಏರಿಸಿದಾಗ ಅಡಿಯ ಪ್ಲಾಸ್ಟಿಕ್ ಕವರ್‌ಗಳು ಎಷ್ಟು ಉಜ್ಜಿವೆ ನೋಡಿ. ನಮ್ಮ ಊರಿನ ಹಂಪ್‌ಗಳಿಗೆ ಸ್ವಲ್ಪ ಉಜ್ಜೇ ಇರುತ್ತದೆ, ಅದು ಸಹಜ. ಆದರೆ ಒಡೆದು ಹೋಗಿ ಕೇಬಲ್ ಟೈ ಹಾಕಿ ಕಟ್ಟಿದ್ದರೆ, ಕಂಟ್ರೋಲ್ ಆರ್ಮ್ ಬುಷ್ ಹರಿದಿದ್ದರೆ, ಶಾಕ್‌ನಿಂದ ಎಣ್ಣೆ ಜಿನುಗಿದ್ದರೆ ಪ್ರತಿಯೊಂದಕ್ಕೂ ರೇಟ್ ಕೇಳಿ ಬರೆದುಕೊಳ್ಳಿ. ವಾಟರ್ ಪಂಪ್ ಸುತ್ತ ಕೂಲಂಟ್ ಒಣಗಿದ ಬಿಳಿ ಕಲೆ ಇದೆಯಾ, ಅದನ್ನೂ ನೋಡಿ.

ಕೊನೆಗೆ ಪಿಡಿಕೆ. ಒಂದನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತದೆ ನಿಧಾನಕ್ಕೆ ತೆವಳಿಸಿ, ಟ್ರಾಫಿಕ್‌ನಲ್ಲಿ ಹೋದ ಹಾಗೆ. ನಡುಗಬಾರದು, ಎಳೆದು ಬಿಟ್ಟ ಹಾಗೆ ಆಗಬಾರದು. ರಿವರ್ಸ್‌ನಲ್ಲೂ ಹಾಗೇ ನೋಡಿ. ಟೆಸ್ಟ್ ಡ್ರೈವ್ ಎಂದರೆ ಎಲ್ಲರೂ ಖಾಲಿ ರೋಡಿನಲ್ಲಿ ಜೋರಾಗಿ ಓಡಿಸಿ ಖುಷಿಯಾಗಿ ಬರುತ್ತಾರೆ. ಈ ಗೇರ್‌ಬಾಕ್ಸ್ ತೊಂದರೆ ತೋರಿಸುವುದು ನಿಧಾನಕ್ಕೆ ಹೋಗುವಾಗ.

ಕಾಫಿತೋಟದ ಹುಡುಗಿ

ಗ್ಯಾರೇಜ್ ಅಣ್ಣ ಹೇಳಿದ್ದಕ್ಕೆ ನನ್ನದೊಂದಿಷ್ಟು ಸೇರಿಸುತ್ತೇನೆ. ನಾನು ಚಿಕ್ಕಮಗಳೂರಿನಲ್ಲಿ ಐದು ವರ್ಷದಿಂದ ಬಟ್ಟೆಯ ಟಾಪ್ ಇರುವ ಗಾಡಿ ಇಟ್ಟುಕೊಂಡಿದ್ದೇನೆ. ಇಲ್ಲಿಯ ಮಳೆ ಗೊತ್ತಲ್ವಾ.

ಟಾಪ್ ತೆಗೆದು ಹಾಕುವುದನ್ನು ಒಂದು ಸಲ ಅಲ್ಲ, ಮೂರು ಸಲ ಮಾಡಿ ನೋಡಿ. ಬಾಕ್ಸ್‌ಸ್ಟರ್‌ನದ್ದು ಒಂಬತ್ತು ಸೆಕೆಂಡಿನಲ್ಲಿ ತೆರೆಯುತ್ತದೆ, ಗಂಟೆಗೆ 50 ಕಿ.ಮೀ. ವೇಗದವರೆಗೂ ಓಡುವಾಗಲೇ ತೆರೆಯಬಹುದು. ಎರಡೂ ಕಡೆ ಒಂದೇ ಸಮನೆ ಏಳಬೇಕು. ಒಂದು ಬದಿ ಹಿಂದೆ ಬಿದ್ದರೆ ಮೆಕ್ಯಾನಿಸಂನಲ್ಲಿ ಕೆಲಸ ಇದೆ ಅಂತ ಅರ್ಥ. ಬಟ್ಟೆ ಮಡಚುವ ಜಾಗದಲ್ಲಿ ಸವೆದಿದೆಯಾ ಎಂದು ಒಳಗಿನಿಂದ ಬೆಳಕಿಗೆ ಹಿಡಿದು ನೋಡಿ.

ಅದಕ್ಕಿಂತ ಮುಖ್ಯ ನೀರು ಹೋಗುವ ದಾರಿ. ಟಾಪ್ ಮೇಲೆ ಬಿದ್ದ ಮಳೆ ನೀರು ಸಣ್ಣ ತೂತುಗಳಲ್ಲಿ ಇಳಿದು ಕಾರಿನ ಕೆಳಗೆ ಹೋಗಬೇಕು. ಮರದ ಕೆಳಗೆ ನಿಲ್ಲಿಸಿದ ಗಾಡಿಯಲ್ಲಿ ಎಲೆ ಪುಡಿ ತುಂಬಿ ಅವು ಕಟ್ಟಿಕೊಳ್ಳುತ್ತವೆ. ಆಮೇಲೆ ನೀರು ಸೀದಾ ಸೀಟಿನ ಕೆಳಗಿನ ಕಾರ್ಪೆಟ್‌ಗೆ. ಹಳೆಯ 986 ಮಾಡೆಲ್‌ನಲ್ಲಿ ಕೀ ಗುರುತಿಸುವ ಕಂಟ್ರೋಲ್ ಯೂನಿಟ್ ಸೀಟಿನ ಕೆಳಗೇ ಇತ್ತು, ನೀರು ಹೋದರೆ ಗಾಡಿ ಸ್ಟಾರ್ಟೇ ಆಗುತ್ತಿರಲಿಲ್ಲ. ಕಾರ್ಪೆಟ್ ಮೇಲೆ ಅಂಗೈ ಒತ್ತಿ ನೋಡಿ, ಮೂಗು ಹತ್ತಿರ ಹಿಡಿದು ನೋಡಿ. ಏರ್ ಫ್ರೆಶ್‌ನರ್ ವಾಸನೆ ಜಾಸ್ತಿ ಇದ್ದರೆ ಇನ್ನೂ ಹತ್ತಿರದಿಂದ ನೋಡಿ. ನನ್ನ ಗಾಡಿಯಲ್ಲಿ ಒಂದು ಮಳೆಗಾಲ ಇದನ್ನು ಕ್ಲೀನ್ ಮಾಡಿಸದೆ ಬಿಟ್ಟಿದ್ದೆ, ಕಾರ್ಪೆಟ್ ಪೂರ್ತಿ ತೆಗೆಸಿ ಒಣಗಿಸಲು ಹತ್ತು ದಿನ ಹಿಡಿಯಿತು.

ಬೆಳ್ಳಂದೂರು ವಾಸಿ

ನೀರಿನ ಮಾತು ಬಂತಲ್ಲ, ನಾನು ಹೇಳಲೇಬೇಕು. 2022ರ ಸೆಪ್ಟೆಂಬರ್ ನೆನಪಿದೆಯಾ? ಯಮಲೂರು, ಬೆಳ್ಳಂದೂರು, ಔಟರ್ ರಿಂಗ್ ರೋಡ್ ಎಲ್ಲ ಮುಳುಗಿ ದುಬಾರಿ ಕಾರುಗಳು ಬೇಸ್‌ಮೆಂಟ್‌ನಲ್ಲೇ ತೇಲಿದವು. ಚೆನ್ನೈನಲ್ಲಿ 2015ರ ಡಿಸೆಂಬರ್‌ನಲ್ಲಿ ಆಯಿತು, ಮತ್ತೆ 2023ರ ಡಿಸೆಂಬರ್‌ನಲ್ಲಿ ಆಯಿತು. ಆ ಗಾಡಿಗಳೆಲ್ಲ ಗುಜರಿಗೆ ಹೋಗಲಿಲ್ಲ. ಇನ್ಶೂರೆನ್ಸ್‌ನವರು ಟೋಟಲ್ ಲಾಸ್ ಎಂದು ಕೊಟ್ಟು ಕೈ ತೊಳೆದುಕೊಂಡ ಮೇಲೆ ಹರಾಜಿನಲ್ಲಿ ಹೋಗಿ, ತೊಳೆದು ಒಣಗಿಸಿ, ಬೇರೆ ಊರಿನಲ್ಲಿ ಮಾರಾಟಕ್ಕೆ ನಿಲ್ಲುವುದೂ ಇದೆ.

ನಾನೇ ಅಂಥದ್ದೊಂದು ತೆಗೆದುಕೊಂಡೆ, ಎರಡು ಬಾಗಿಲಿನ ಕೂಪೆ. ಮೊದಲ ನಾಲ್ಕು ತಿಂಗಳು ಏನೂ ಇಲ್ಲ. ಆಮೇಲೆ ಒಂದು ದಿನ ಪವರ್ ವಿಂಡೋ, ಇನ್ನೊಂದು ದಿನ ಏರ್‌ಬ್ಯಾಗ್ ಲೈಟ್, ಮತ್ತೊಂದು ದಿನ ನಡುರಸ್ತೆಯಲ್ಲಿ ಪೂರ್ತಿ ಬಂದ್. ವೈರಿಂಗ್ ಕನೆಕ್ಟರ್‌ಗಳ ಒಳಗೆ ಹಸಿರು ಪಾಚಿ ಥರ ತುಕ್ಕು ಬೆಳೆದಿತ್ತು. ಒಂದು ಸರಿ ಮಾಡಿದರೆ ಇನ್ನೊಂದು. ಎರಡು ವರ್ಷ ನಿದ್ದೆ ಕೆಡಿಸಿಕೊಂಡೆ. ನಿಮಗೆ ಹಾಗಾಗಬಾರದು.

ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಎಷ್ಟೇ ತೊಳೆದರೂ ಸುರುಳಿಯ ಒಳಗಿನ ಭಾಗದಲ್ಲಿ ಮಣ್ಣಿನ ಗೆರೆ ಉಳಿದಿರುತ್ತದೆ. ಸೀಟಿನ ಕೆಳಗಿನ ಬೋಲ್ಟ್‌ಗಳು, ಸ್ಪ್ರಿಂಗ್‌ಗಳು ತುಕ್ಕು ಹಿಡಿದಿವೆಯಾ ನೋಡಿ. ಹನ್ನೆರಡು ವರ್ಷದ ಗಾಡಿಯಲ್ಲಿ ಬೆಲ್ಟ್ ಮಾತ್ರ ಹೊಚ್ಚ ಹೊಸದಾಗಿದ್ದರೆ ಯಾಕೆ ಬದಲಾಯಿಸಿದರು ಎಂದು ಕೇಳಿ, ಆ್ಯಕ್ಸಿಡೆಂಟ್ ಆಗಿದ್ದರೂ ಬೆಲ್ಟ್ ಬದಲಾಯಿಸುತ್ತಾರೆ. ಹೆಡ್‌ಲೈಟ್ ಒಳಗೆ ಕಂದು ಕಲೆ, ಫ್ಯೂಸ್ ಬಾಕ್ಸ್‌ನಲ್ಲಿ ಬಿಳಿ ಪುಡಿ, ಡಿಕ್ಕಿಯ ಕಾರ್ಪೆಟ್ ಕೆಳಗಿನ ಮೂಲೆಗಳಲ್ಲಿ ನುಣ್ಣನೆ ಮರಳು. ಕೈ ಹಾಕಿ ನೋಡಲು ಹತ್ತು ನಿಮಿಷ ಸಾಕು, ನಾನು ಅವತ್ತು ಅಷ್ಟೂ ಮಾಡಲಿಲ್ಲ.

ಜಯನಗರ ಪೇಪರ್‌ವರ್ಕ್

ಗಾಡಿಯ ನಂಬರ್ ಪ್ಲೇಟ್ ಯಾವ ರಾಜ್ಯದ್ದು ಅಂತ ಯಾರೂ ಕೇಳಲೇ ಇಲ್ಲವಲ್ಲ! ಸ್ಪೋರ್ಟ್ಸ್ ಕಾರಿನಲ್ಲಿ ಅದೇ ಮೊದಲ ಪ್ರಶ್ನೆ.

ನಮ್ಮ ರಾಜ್ಯದಲ್ಲಿ 20 ಲಕ್ಷ ದಾಟಿದ ಹೊಸ ಕಾರಿಗೆ ಲೈಫ್‌ಟೈಮ್ ಟ್ಯಾಕ್ಸ್ 18 ಪರ್ಸೆಂಟ್, ಮೇಲೆ ಸೆಸ್. ಅದಕ್ಕೆ ಎಷ್ಟೋ ಜನ ಟ್ಯಾಕ್ಸ್ ಕಮ್ಮಿ ಇರುವ ಕಡೆ ರಿಜಿಸ್ಟರ್ ಮಾಡಿಸಿ ಬೆಂಗಳೂರಿನಲ್ಲಿ ಓಡಿಸುತ್ತಿದ್ದರು. ಈಗ ಸಾರಿಗೆ ಇಲಾಖೆಯವರು ಸುಮ್ನೆ ಬಿಡುತ್ತಿಲ್ಲ. 2025ರ ಜುಲೈನಲ್ಲಿ ಮಹಾರಾಷ್ಟ್ರ ನಂಬರಿನ ಒಂದು ಫೆರಾರಿಗೆ ಬೆಂಗಳೂರಿನಲ್ಲಿ 1.42 ಕೋಟಿ ಕಟ್ಟಿಸಿಕೊಂಡ ಸುದ್ದಿ ಎಲ್ಲರೂ ಓದಿದ್ದೀರಿ. ಹೊರ ರಾಜ್ಯದ ಗಾಡಿ ಅಗ್ಗಕ್ಕೆ ಸಿಕ್ಕಿದರೆ ಅದರ ಮೂಲ ಬೆಲೆ ಮತ್ತು ಗಾಡಿಯ ವಯಸ್ಸಿನ ಮೇಲೆ ಇಲ್ಲಿ ಎಷ್ಟು ಟ್ಯಾಕ್ಸ್ ಬೀಳುತ್ತದೆ ಎಂದು ಆರ್‌ಟಿಒದಲ್ಲಿ ಕೇಳಿಕೊಂಡು ಬಂದು ಆಮೇಲೆ ಬೆಲೆ ಮಾತಾಡಿ. ಆ ರಾಜ್ಯದ ಎನ್‌ಒಸಿ, ಅಂದರೆ ಫಾರ್ಮ್ 28, ಕೈಗೆ ಬರುವವರೆಗೆ ಪೂರ್ತಿ ದುಡ್ಡು ಕೊಡಬೇಡಿ.

ಕರ್ನಾಟಕದ್ದೇ ಆದರೆ ಫಾರ್ಮ್ 29 ಮತ್ತು 30ಕ್ಕೆ ಆರ್‌ಸಿಯಲ್ಲಿ ಹೆಸರಿರುವವರೇ ಸಹಿ ಹಾಕಬೇಕು. ಡೀಲರ್ ಮೊದಲೇ ಸಹಿ ಹಾಕಿಸಿ ಇಟ್ಟುಕೊಂಡಿದ್ದೇನೆ ಎಂದರೆ ಆ ಓನರ್ ಜೊತೆ ಒಮ್ಮೆ ಮಾತಾಡಿ. ಮಾತಾಡಿಸಲು ಹಿಂದೇಟು ಹಾಕಿದರೆ ಅಲ್ಲೇ ಏನೋ ಇದೆ. ಆರ್‌ಸಿಯಲ್ಲಿ ಸಾಲದ ನಮೂದು ಇದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35 ಬೇಕು. ಬಾಕಿ ಇರುವ ಟ್ರಾಫಿಕ್ ದಂಡ ಆನ್‌ಲೈನ್‌ನಲ್ಲಿ ನೋಡಿ, ಅದು ಮಾರುವವರೇ ಕಟ್ಟಬೇಕು.

ಚಾಸಿ ನಂಬರ್ ಮೂರು ಕಡೆ ಒಂದೇ ಇರಬೇಕು: ಆರ್‌ಸಿ, ಮುಂದಿನ ಗಾಜಿನ ಕೆಳಗೆ, ಬಾಗಿಲಿನ ಬಳಿಯ ಸ್ಟಿಕರ್. ಪೋರ್ಷೆಯದ್ದು ಡಬ್ಲ್ಯು, ಪಿ, ಸೊನ್ನೆ ಎಂದು ಶುರುವಾಗುತ್ತದೆ. ಹತ್ತನೇ ಅಕ್ಷರ ಮಾಡೆಲ್ ವರ್ಷ. ಸಿ ಎಂದರೆ 2012, ಡಿ ಎಂದರೆ 2013, ಇ ಎಂದರೆ 2014. ಯಾರೋ ವಿದೇಶದಿಂದ ಬರುವಾಗ ತಂದ ಗಾಡಿಯಾದರೆ ಕಸ್ಟಮ್ಸ್ ಕಾಗದ ಪೂರ್ತಿ ಕೇಳಿ. ಕೇರಳದಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಭೂತಾನ್‌ನಿಂದ ಅಕ್ರಮವಾಗಿ ತಂದರು ಎನ್ನಲಾದ ಗಾಡಿಗಳ ಮೇಲೆ ಕಸ್ಟಮ್ಸ್‌ನವರು ದಾಳಿ ಮಾಡಿದಾಗ ಹೋಗಿ ಬಾಗಿಲು ತಟ್ಟಿದ್ದು ಕೊನೆಗೆ ಕೊಂಡವರ ಮನೆಯದ್ದೇ.

ಇನ್ಶೂರೆನ್ಸ್ ನಿಮ್ಮ ಹೆಸರಿಗೆ 14 ದಿನದ ಒಳಗೆ ಮಾಡಿಸಿಕೊಳ್ಳಿ. ಹಳೆಯ ಓನರ್‌ನ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ, ಪ್ರೀಮಿಯಂ ಲೆಕ್ಕ ಹಾಕುವಾಗ ಅದನ್ನು ನೆನಪಿಡಿ.

ಬೇ ಏರಿಯಾ ಕನ್ನಡಿಗ

ಕ್ಯಾಲಿಫೋರ್ನಿಯಾದಿಂದ ಬರೆಯುತ್ತಿದ್ದೇನೆ. ಇದನ್ನು ಓದುತ್ತಿರುವ ಬೇರೆಯವರಿಗೂ ಉಪಯೋಗ ಆಗಲಿ ಎಂದು ಹಳೆಯ ಮಾಡೆಲ್‌ಗಳ ಬಗ್ಗೆ ಹೇಳುತ್ತೇನೆ, ಇಲ್ಲಿ ಅವು ತುಂಬಾ ಅಗ್ಗಕ್ಕೆ ಸಿಗುತ್ತವೆ, ನಮ್ಮ ಹುಡುಗರು ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಆಸೆ ಪಡುತ್ತಾರೆ.

1996ರಿಂದ 2004ರ 986 ಬಾಕ್ಸ್‌ಸ್ಟರ್‌ನಲ್ಲೂ, 2008ರವರೆಗಿನ 987 ಬಾಕ್ಸ್‌ಸ್ಟರ್, ಅದರದ್ದೇ ಗಟ್ಟಿ ಟಾಪ್‌ನ ಜೋಡಿ ಕೇಮನ್‌ಗಳಲ್ಲೂ ಐಎಂಎಸ್ ಬೇರಿಂಗ್ ಎಂಬ ಒಂದು ಚಿಕ್ಕ ಭಾಗ ಇದೆ. ಅದು ಒಡೆದರೆ ಟೈಮಿಂಗ್ ತಪ್ಪಿ ಇಡೀ ಎಂಜಿನ್ ಹೋಗುತ್ತದೆ. ಎಲ್ಲದರಲ್ಲೂ ಒಡೆಯುತ್ತದೆ ಅಂತಲ್ಲ. 2000ದ ಆಸುಪಾಸಿನಿಂದ 2005ರವರೆಗಿನ ಸಣ್ಣ ಬೇರಿಂಗ್‌ಗಳೇ ಹೆಚ್ಚು ಕೆಟ್ಟ ಹೆಸರು ತೆಗೆದುಕೊಂಡದ್ದು. ಒಳ್ಳೆಯ ಸುದ್ದಿ ಏನೆಂದರೆ ಅವನ್ನು ಕ್ಲಚ್ ಬದಲಾಯಿಸುವಾಗಲೇ ಬದಲಾಯಿಸಬಹುದು. 2006ರಿಂದ 2008ರದ್ದು ದೊಡ್ಡದು, ಗಟ್ಟಿ, ಆದರೆ ತೆಗೆಯಬೇಕಾದರೆ ಎಂಜಿನ್ ಬಿಚ್ಚಬೇಕು. 2009ರಿಂದ ಬಂದ ಹೊಸ ಎಂಜಿನ್‌ನಲ್ಲಿ ಅದೇ ಇಲ್ಲ. ಚಾಮುಂಡಿ ಅವರೇ, ನಿಮ್ಮ 981ರಲ್ಲೂ ಇಲ್ಲ, ಆ ಚಿಂತೆ ಬಿಡಿ.

ಇನ್ನೊಂದು, 3.4 ಲೀಟರಿನ ಮೊದಲ ಕೇಮನ್ ಎಸ್‌ನಲ್ಲಿ ಸಿಲಿಂಡರ್ ಗೋಡೆ ಗೀರುವ ತೊಂದರೆ. ಎಂಜಿನ್‌ನಿಂದ ಟಿಕ್ ಟಿಕ್ ಶಬ್ದ, ಆಯಿಲ್ ಜಾಸ್ತಿ ಕುಡಿಯುವುದು, ಸೈಲೆನ್ಸರ್ ಪೈಪಿನಲ್ಲಿ ಮಸಿ. ಸ್ಪಾರ್ಕ್ ಪ್ಲಗ್ ತೆಗೆದು ಒಳಗೆ ಸಣ್ಣ ಕ್ಯಾಮರಾ ಇಳಿಸಿ ನೋಡಬೇಕು. ಇಲ್ಲಿ ಯಾರೂ ಇದನ್ನು ಮಾಡಿಸದೆ ಆ ಗಾಡಿ ಕೊಳ್ಳುವುದಿಲ್ಲ, ಮಾರುವವರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಊರಿನಲ್ಲೂ ಈ ಅಭ್ಯಾಸ ಬರಬೇಕು ಎನ್ನುವುದು ನನ್ನ ಆಸೆ.

ಪೇಂಟ್ ಎಷ್ಟು ದಪ್ಪ ಇದೆ ಎಂದು ಅಳೆಯುವ ಮೀಟರ್ ಒಯ್ಯುತ್ತಿದ್ದರೆ ಒಂದು ಮಾತು: 981ರ ಬಾಗಿಲು, ಬಾನೆಟ್ ಅಲ್ಯೂಮಿನಿಯಂ. ಬರೀ ಕಬ್ಬಿಣದ ಮೇಲೆ ಕೆಲಸ ಮಾಡುವ ಅಗ್ಗದ ಮೀಟರ್ ಅಲ್ಲಿ ಏನೂ ತೋರಿಸುವುದಿಲ್ಲ. ಎರಡೂ ಲೋಹ ಓದುವಂಥದ್ದು ಬೇಕು. 100ರಿಂದ 150 ಮೈಕ್ರಾನ್ ಇದ್ದರೆ ಕಂಪನಿ ಪೇಂಟ್, ಅದರ ದುಪ್ಪಟ್ಟು ಬಂದರೆ ಮತ್ತೆ ಹೊಡೆಸಿದ್ದಾರೆ, ಇನ್ನೂ ಮೇಲೆ ಹೋದರೆ ಪುಟ್ಟಿ.

ಚಾಮುಂಡಿಬೆಟ್ಟ09

ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಟೋಕನ್ ಕೊಟ್ಟಿಲ್ಲ. ಗಾಡಿ ಕೆಎ 05, ಹಾಗಾಗಿ ಟ್ಯಾಕ್ಸ್ ತಲೆನೋವಿಲ್ಲ. ನಿನ್ನೆ ಪೋರ್ಷೆ ಕೆಲಸ ಗೊತ್ತಿರುವ ಒಬ್ಬ ಟೆಕ್ನಿಷಿಯನ್ ಕರೆದುಕೊಂಡು ಹೋಗಿ ಲಿಫ್ಟ್ ಮೇಲೆ ಏರಿಸಿದೆವು.

ನೀರಿನ ಗುರುತು ಎಲ್ಲೂ ಇಲ್ಲ. ಟಾಪ್ ಸರಿಯಾಗಿದೆ. ಮುಂದಿನ ಎಡ ಫೆಂಡರ್ ಮಾತ್ರ 260 ಮೈಕ್ರಾನ್, ಉಳಿದದ್ದೆಲ್ಲ ಕಂಪನಿ ಪೇಂಟ್. ಟೈರ್ ಹಿಂದಿನವು 3519, ಅಂದರೆ 2019ರ 35ನೇ ವಾರದವು, ಬದಲಾಯಿಸಬೇಕು. ರೇಡಿಯೇಟರ್ ಮುಂದೆ ಅಣ್ಣ ಹೇಳಿದ ಹಾಗೆ ಎಲೆ ತುಂಬಿದೆ, ಲೀಕ್ ಇಲ್ಲ. ಪಿಡಿಕೆ ಒಂಚೂರೂ ನಡುಗಲಿಲ್ಲ.

ಸ್ಕ್ಯಾನರ್ ಹಾಕಿದಾಗ ಟೆಕ್ನಿಷಿಯನ್ ಎಂಜಿನ್ ಕಂಪ್ಯೂಟರ್‌ನ ವಿವರ ತೆಗೆದುಕೊಟ್ಟರು. ಅದರಲ್ಲಿ ಎಂಜಿನ್ ಓಡಿದ ಗಂಟೆಗಳು 1,310 ಎಂದಿದೆ. ಅವರು ಅದನ್ನು ನೋಡಿ ಸುಮ್ಮನಾದರು, ನನಗೇನೂ ಹೇಳಲಿಲ್ಲ, ಡೀಲರ್ ಪಕ್ಕದಲ್ಲೇ ಇದ್ದರು. ಇದರ ಅರ್ಥ ಏನು?

ಗ್ಯಾರೇಜ್ ಅಣ್ಣ

21,800 ಅನ್ನು 1,310ರಿಂದ ಭಾಗಿಸಿ. ಗಂಟೆಗೆ ಹದಿನಾರೂವರೆ ಕಿ.ಮೀ. ಸರಾಸರಿ.

ಈಗ ಡೀಲರ್ ಹೇಳಿದ್ದು ನೆನಪಿಸಿಕೊಳ್ಳಿ. ಭಾನುವಾರ ಬೆಳಗ್ಗೆ ನಂದಿ ಬೆಟ್ಟ. ಬೆಳಗಿನ ಜಾವ ಬಳ್ಳಾರಿ ರೋಡಿನಲ್ಲಿ ಹೋಗಿ ಬರುವ ಗಾಡಿಯ ಸರಾಸರಿ 40ರ ಮೇಲಿರಬೇಕು, ಊರೊಳಗಿನ ಸಿಗ್ನಲ್ ಎಲ್ಲ ಸೇರಿಸಿದರೂ. ಹದಿನಾರು ಬರುವುದು ದಿನಾ ಆಫೀಸಿಗೆ ಸಿಲ್ಕ್ ಬೋರ್ಡ್ ದಾಟಿ ಹೋಗುವ ಗಾಡಿಗೆ. ಹಾಗಾಗಿ ಎರಡರಲ್ಲಿ ಒಂದು. ಇಲ್ಲವೇ ಈ ಕಾರು ಭಾನುವಾರದ ಕಾರೇ ಅಲ್ಲ, ಟ್ರಾಫಿಕ್‌ನಲ್ಲಿ ತೆವಳಿದ ಗಾಡಿ. ಇಲ್ಲವೇ ಮೀಟರ್ ತಿರುಗಿಸಿದ್ದಾರೆ.

ಮೀಟರ್ ತಿರುಗಿಸುವವರು ಡ್ಯಾಶ್‌ಬೋರ್ಡಿನ ನಂಬರ್ ಬದಲಾಯಿಸುತ್ತಾರೆ, ಎಂಜಿನ್ ಕಂಪ್ಯೂಟರಿನ ಗಂಟೆ ಹಾಗೇ ಉಳಿದುಬಿಡುತ್ತದೆ. ಎಂಜಿನ್ ಯಾವ ಗಂಟೆಯಲ್ಲಿ ಅತಿ ಜಾಸ್ತಿ ಆರ್‌ಪಿಎಂಗೆ ಹೋಯಿತು ಎಂಬುದನ್ನೂ ಆ ಕಂಪ್ಯೂಟರ್ ಬರೆದಿಟ್ಟಿರುತ್ತದೆ. ಮ್ಯಾನುಯಲ್ ಗಾಡಿಯಲ್ಲಿ ಅದು ಬಹಳ ಮುಖ್ಯ, ತಪ್ಪು ಗೇರಿಗೆ ಹಾಕಿ ಎಂಜಿನ್ ಕೆಡಿಸಿದ್ದು ಅಲ್ಲಿ ಸಿಕ್ಕಿಬೀಳುತ್ತದೆ. ಪಿಡಿಕೆ ಅಂಥ ತಪ್ಪಿಗೆ ಬಿಡುವುದಿಲ್ಲ.

ಗಂಟೆಯ ಲೆಕ್ಕ ಒಂದರಿಂದಲೇ ಯಾರನ್ನೂ ಕಳ್ಳ ಎನ್ನಬಾರದು. ಎಸಿ ಹಾಕಿಕೊಂಡು ಗಂಟೆಗಟ್ಟಲೆ ನಿಲ್ಲಿಸಿದರೂ ಗಂಟೆ ಏರುತ್ತದೆ. ಸರ್ವಿಸ್ ಆದ ಕಡೆಯ ಜಾಬ್ ಕಾರ್ಡ್ ಕೇಳಿ. ಪ್ರತಿ ಸಲ ಎಷ್ಟು ಕಿ.ಮೀ. ಇತ್ತು ಎಂದು ಬರೆದಿರುತ್ತಾರೆ. ಹಳೆಯ ಓನರ್ ಜೊತೆ ಮಾತಾಡಿ, ಅವರ ಇನ್ಶೂರೆನ್ಸ್ ಕ್ಲೇಮ್ ಕಾಗದದಲ್ಲೂ ಕಿ.ಮೀ. ಇರುತ್ತದೆ, ಆ ಫೆಂಡರ್ ರಿಪೇರಿಯದ್ದು ಎಲ್ಲಾದರೂ ಇದ್ದೇ ಇರಬೇಕು.

ಚಾಮುಂಡಿಬೆಟ್ಟ09

ಅಣ್ಣ, ಸಿಕ್ಕಿತು. ಮೊದಲ ಓನರ್ ನಂಬರ್ ಪರಿಚಯದವರ ಮೂಲಕ ಸಿಕ್ಕಿತು, ತುಂಬಾ ಒಳ್ಳೆಯ ಮನುಷ್ಯ. ಫೆಂಡರ್ ಕೆಲಸದ ಬಿಲ್ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರು. 2018ರ ಬಿಲ್. ಅದರಲ್ಲಿ 24,300 ಕಿ.ಮೀ. ಎಂದಿದೆ. ಅವರು ಮಾರುವಾಗ 30 ಸಾವಿರ ದಾಟಿತ್ತಂತೆ, ದಿನಾ ಆಫೀಸಿಗೂ ತೆಗೆದುಕೊಂಡು ಹೋಗುತ್ತಿದ್ದರಂತೆ.

ಅಂದರೆ ಏಳೆಂಟು ವರ್ಷದ ಹಿಂದೆಯೇ ಇವತ್ತಿಗಿಂತ ಜಾಸ್ತಿ ಓಡಿತ್ತು.

ಬೆಳಗ್ಗೆ ಡೀಲರ್‌ಗೆ ಬಿಲ್ ಕಳಿಸಿದೆ. ನಮಗೆ ಬಂದಾಗಲೇ ಹೀಗಿತ್ತು, ಬೆಲೆಯಲ್ಲಿ ಏನಾದರೂ ಅಡ್ಜಸ್ಟ್ ಮಾಡೋಣ ಎಂದರು. ಬೇಡ ಎಂದೆ. ಗಾಡಿಯಲ್ಲಿ ದೊಡ್ಡ ತೊಂದರೆ ಏನೂ ಇರಲಿಲ್ಲ, ನಿಜವಾದ ಕಿ.ಮೀ. ಹೇಳಿದ್ದರೆ ಬಹುಶಃ ತೆಗೆದುಕೊಂಡೇ ಬಿಡುತ್ತಿದ್ದೆ. ಆಸೆ ಪಟ್ಟಿದ್ದ ಕಾರು, ಮನಸ್ಸಿಗೆ ಬೇಜಾರಾಗಿದೆ.

ಕುಡ್ಲ ಘಾಟ್ ರೈಡರ್

ಬೇಜಾರು ಮಾಡಬೇಡಿ ಮಾರಾಯ್ರೆ, ಸರಿಯಾದದ್ದೇ ಮಾಡಿದಿರಿ. ಮಂಗಳೂರಿನಲ್ಲಿ ಒಬ್ಬ ಡಾಕ್ಟರ್ 2014ರ ಕೇಮನ್ ಮಾರುತ್ತಾರೆ, ಅದೇ 981, ಅದೇ 2.7. ಕೆಎ 19, ಒಬ್ಬರೇ ಓನರ್. 41 ಸಾವಿರ ಕಿ.ಮೀ. ಆಗಿದೆ, ಅವರೇ ಮೊದಲ ಮಾತಿನಲ್ಲೇ ಹೇಳಿದರು. ಎಲ್ಲ ಸರ್ವಿಸ್ ಬಿಲ್ ಫೈಲ್ ಮಾಡಿ ಇಟ್ಟಿದ್ದಾರೆ. ಇಲ್ಲಿ ಕಡಲ ಗಾಳಿ ಉಂಟಲ್ಲ, ಅಡಿಯ ಬೋಲ್ಟ್, ಬ್ರೇಕ್ ಪೈಪ್, ಸೈಲೆನ್ಸರ್ ಕ್ಲಾಂಪ್ ತುಕ್ಕು ಹಿಡಿದಿದೆಯಾ ಎಂದು ಬೇಕಾದರೆ ನಾನು ಹೋಗಿ ಮೊದಲು ನೋಡಿ ಫೋಟೋ ಹಾಕುತ್ತೇನೆ.

ಗ್ಯಾರೇಜ್ ಅಣ್ಣ

41 ಸಾವಿರಕ್ಕೆ ಹೆದರಬೇಡಿ. ನಿಂತೇ ಇದ್ದ ಗಾಡಿಗಿಂತ ಓಡಿದ ಗಾಡಿ ವಾಸಿ, ರಬ್ಬರ್ ಸೀಲುಗಳು ಒಣಗಿರುವುದಿಲ್ಲ. ಸ್ಪಾರ್ಕ್ ಪ್ಲಗ್ ಯಾವಾಗ ಬದಲಾಯಿಸಿದರು, ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಆಗಿದೆಯಾ, ಆ ಫೈಲಿನಲ್ಲಿ ನೋಡಿ. ಡಿಸ್ಕ್ ಎಷ್ಟು ದಪ್ಪ ಉಳಿದಿದೆ ಅಳೆಯಿರಿ, ಕನಿಷ್ಠ ಎಷ್ಟಿರಬೇಕು ಎಂದು ಡಿಸ್ಕ್ ಮೇಲೇ ಕೊರೆದಿರುತ್ತದೆ. ಗಂಟೆ ಮರೆಯಬೇಡಿ.

ಚಾಮುಂಡಿಬೆಟ್ಟ09

ಡಾಕ್ಟರ್ ಜೊತೆ ಮಾತಾಡಿದೆ. ಶನಿವಾರ ರಾತ್ರಿ ಬಸ್ಸಿಗೆ ಹೊರಟು ಭಾನುವಾರ ಬೆಳಗ್ಗೆ ಏಳಕ್ಕೆ ಅವರ ಮನೆಯಲ್ಲಿರುತ್ತೇನೆ, ಟೆಕ್ನಿಷಿಯನ್ ಕೂಡ ಸ್ಕ್ಯಾನರ್ ಹಿಡಿದು ಬರುತ್ತಾರೆ. ಕುಡ್ಲ ಅವರೇ, ನೀವೂ ಬನ್ನಿ. ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಎಂದು ಕೇಳಿಕೊಂಡೆ. "ಶುಕ್ರವಾರ ಆಸ್ಪತ್ರೆಯಿಂದ ಬಂದು ನಿಲ್ಲಿಸಿದರೆ ಮತ್ತೆ ಕೀ ಮುಟ್ಟುವುದಿಲ್ಲ" ಎಂದರು.